ಓದಲು ಯಾರ ಅಪ್ಪಣೆ ಬೇಕು?

ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡು ಎರಡು ವರ್ಷವಾದ ಮೇಲೆ ಅವರ ಮಗ ನನ್ನ ಕೈಗೆ ಒಂದು ಬಟ್ಟೆಯ ಚೀಲ ಕೊಟ್ಟರು. ಒಳಗೆ ಮೂರು ನೋಟ್‌ಬುಕ್, ಹನ್ನೊಂದು ಹಾಡುಗಳ ಲೇಸರ್ ಪ್ರಿಂಟು ಮತ್ತು ಎರಡು ಸೀಡಿ ಇದ್ದವು. ಮೇಷ್ಟ್ರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಬೀಸುವ ಪದ, ಸೋಬಾನೆ ಪದಗಳನ್ನು ಇಪ್ಪತ್ತು ವರ್ಷ ಕೂಡಿಸಿಟ್ಟವರು. ನನ್ನ ಪಿಎಚ್‌.ಡಿ. ಅಧ್ಯಯನವೂ ಇದೇ ಹಾಡುಗಳ ಮೇಲೆ. ಹಾಗಾಗಿ ಆ ಚೀಲ ನನಗೆ ನಿಧಿಯೇ ಸರಿ.

ಉಳಿದ ನೋಟ್‌ಬುಕ್‌ಗಳು ಎಲ್ಲಿ ಎಂದು ಕೇಳಿದೆ. "ಎಲ್ಲಾ ಕಂಪ್ಯೂಟರಿಗೆ ಹಾಕಿಸಿ ಆಯ್ತಲ್ಲ ಅಂತ ಅಪ್ಪಾಜಿನೇ ರದ್ದಿಗೆ ಹಾಕಿದ್ರು ಮೇಡಂ" ಅಂದರು.

ಉಳಿದ ಮೂರು ನೋಟ್‌ಬುಕ್‌ಗಳಲ್ಲಿ ಹಳೆಯದರ ಮೊದಲ ಪುಟದಲ್ಲಿ 'ನ್ಯಾಮತಿ, ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ' ಎಂದಿದೆ. ಜಗಳೂರಿನ ಪುಟದಲ್ಲಿ 'ಚಿತ್ರದುರ್ಗ ಜಿಲ್ಲೆ' ಎಂದಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿತು, 2018ರಲ್ಲಿ ನ್ಯಾಮತಿಯೇ ಬೇರೆ ತಾಲ್ಲೂಕಾಯಿತು. ಊರುಗಳ ವಿಳಾಸವೇ ಬದಲಾದರೂ ನೀಲಿ ಶಾಯಿಯ ಆ ಬರಹ ಈಗಲೂ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅದಕ್ಕಿಂತ ಎಷ್ಟೋ ಈಚೆಗೆ, 2002-03ರಲ್ಲಿ ತಯಾರಾದ ಸೀಡಿಗಳೇ ಓದಲಾಗದೆ ಕೂತವು. ಈ ಲೇಖನ ಆ ಎರಡು ಸೀಡಿಗಳ ಕುರಿತದ್ದು. ನಿಜ ಹೇಳಬೇಕೆಂದರೆ ಅವು ನನ್ನೊಳಗೆ ಎಬ್ಬಿಸಿದ ಒಂದು ಪ್ರಶ್ನೆಯ ಕುರಿತದ್ದು: ನಾವು ಬರೆದದ್ದನ್ನು ನಾವೇ ಓದಲು ಇನ್ನೊಬ್ಬರ ಅಪ್ಪಣೆ ಬೇಕಾದರೆ, ಆ ಬರಹ ಯಾರದು?

ಮೊದಲ ಸೀಡಿಯ ಕಥೆ ಸುಲಭದ್ದು, ಅದನ್ನೇ ಮೊದಲು ಹೇಳುತ್ತೇನೆ. ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೀಟು ಎಳೆದ 'ಎ'ಗಳು. ಹಳೆಯ ನುಡಿ, ಬರಹ ಕಡತಗಳನ್ನು ತೆರೆದವರಿಗೆಲ್ಲ ಈ ಚೆಲ್ಲಾಪಿಲ್ಲಿ ಪರಿಚಯವಿರುತ್ತದೆ. ಆ ಕಾಲದ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಕನ್ನಡದ ವೇಷ ಹಾಕಿದ ಇಂಗ್ಲಿಷ್ ಇದೆ. 'ಕನ್ನಡ' ಎಂಬ ಮೂರಕ್ಷರ ಅಲ್ಲಿ ಏಳು ಚಿಹ್ನೆಗಳಾಗುತ್ತದೆ: 'ಪಿ', ಗೀಟಿನ 'ಎ', ಪೌಂಡ್ ಗುರುತು, ಮತ್ತೆ ಗೀಟಿನ 'ಎ', ಜರ್ಮನ್ ಭಾಷೆಯ ಒಂದು ಅಕ್ಷರ, 'ಕ್ಯೂ', ಮತ್ತೊಮ್ಮೆ ಗೀಟಿನ 'ಎ'. 'ಮ' ಬೇಕಾದರೆ 'ವ'ಗೆ ಒಂದು ಬಾಲ ಅಂಟಿಸಬೇಕು. ಕಣ್ಣಿಗೆ ಅದು 'ಮ'ದಂತೆ ಕಂಡರೂ ಯಂತ್ರಕ್ಕೆ ಅದು ಬಾಲವಿರುವ 'ವ'. ಇಂಥ ಕಡತದಲ್ಲಿ 'ಅಮ್ಮ' ಎಂದು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಆಗುವುದಿಲ್ಲ. ಎಲ್ಲಕ್ಕಿಂತ ತಂಟೆಯದು ಅರ್ಕಾವತ್ತು. ಕಣ್ಣಿಗೆ ಅದು ಅಕ್ಷರದ ಬಲಕ್ಕೆ ಕಾಣುತ್ತದೆ, ಆದ್ದರಿಂದ ಹಳೆಯ ಕ್ರಮದಲ್ಲಿ ಅದು ಕೊನೆಗೆ ಬರುತ್ತದೆ. ಉಚ್ಚಾರದಲ್ಲಿ ರ-ಕಾರ ಮೊದಲು, ಆದ್ದರಿಂದ ಯೂನಿಕೋಡ್‌ನಲ್ಲಿ ಅದು ಮೊದಲು ಬರಬೇಕು.

ಆದರೂ ಆ ಸೀಡಿ ನನಗೆ ಒಂದೇ ಸಂಜೆಯಲ್ಲಿ ತೆರೆದುಕೊಂಡಿತು. ಯಾವ ಚಿಹ್ನೆ ಯಾವ ತುಂಡಿಗೆ ಎಂಬ ಪಟ್ಟಿ ಆ ಕ್ರಮದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅರವಿಂದ ವಿ.ಕೆ. ಎಂಬ ತಂತ್ರಜ್ಞರು ಆ ಪಟ್ಟಿಯನ್ನಿಟ್ಟುಕೊಂಡು ಒಂದು ಪರಿವರ್ತಕ ಬರೆದು, ಅದರ ಸೋರ್ಸ್ ಕೋಡನ್ನು ಎಲ್ಲರೂ ನೋಡುವಂತೆ ಬಿಟ್ಟಿದ್ದಾರೆ. 'ಗುಬ್ಬಿ', 'ನವಿಲು' ಎಂಬ ಮುಕ್ತ ಕನ್ನಡ ಫಾಂಟುಗಳೂ ಅವರವೇ. ನನಗೆ ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೆ. ಮೇಷ್ಟ್ರ ಡಿಟಿಪಿಯವರು ಮಾಡಿದ್ದ ಒಂದು ವಿಚಿತ್ರ ತಪ್ಪಿಗೆ ತಕ್ಕಂತೆ ಪರಿವರ್ತಕದಲ್ಲಿ ಎರಡು ಸಾಲು ಬದಲಿಸಬೇಕಾಯಿತು. ಬದಲಿಸಿದೆ, ಅಷ್ಟೇ. ಯಾರನ್ನೂ ಕೇಳಬೇಕಾಗಲಿಲ್ಲ. ಆ 'ಕೇಳಬೇಕಾಗಲಿಲ್ಲ' ಎಂಬುದರ ಬೆಲೆ ಎರಡನೆಯ ಸೀಡಿ ಹಾಕಿದಾಗ ತಿಳಿಯಿತು.

ಎರಡನೆಯದರಲ್ಲಿ ಜಗಳೂರಿನ ಹಾಡುಗಳಿದ್ದವು. ಅವುಗಳನ್ನು ಟೈಪು ಮಾಡಿದ್ದು ಚನ್ನಗಿರಿಯ ಇನ್ನೊಂದು ಡಿಟಿಪಿ ಅಂಗಡಿಯಲ್ಲಿ, ಒಂದು ಕಂಪನಿಯ ದುಬಾರಿ ಕನ್ನಡ ಪ್ಯಾಕೇಜಿನಲ್ಲಿ. ಆ ಅಂಗಡಿ ಈಗಲೂ ಇದೆ. ಲಗ್ನಪತ್ರಿಕೆ, ಅಡಿಕೆ ಮಂಡಿಯ ಬಿಲ್ ಬುಕ್ಕು, ಶ್ರದ್ಧಾಂಜಲಿ ಬ್ಯಾನರು ಮಾಡಿಕೊಡುತ್ತಾರೆ. ಮಾಲೀಕರು ಡ್ರಾಯರಿನ ತಳದಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ತುಂಡು ತೆಗೆದು ಮೇಜಿನ ಮೇಲಿಟ್ಟರು.

"ಇದೇ ನೋಡು ತಂಗಿ ಬೀಗ. ಪ್ರಿಂಟರ್ ವೈರು ಸಿಗಿಸೋ ಜಾಗದಾಗೆ ಇದನ್ನ ಸಿಗಿಸಿದ್ರೆ ಮಾತ್ರ ಸಾಫ್ಟ್‌ವೇರ್ ಓಡೋದು. ಆಗಿನ ಕಾಲಕ್ಕೇ ಸಾವಿರಾರು ರೂಪಾಯಿ ಕೊಟ್ಟಿದ್ದೆ. ಈಗ ಇದು ಸತ್ತೈತೆ."

"ಕಂಪನಿಯೋರ್ನ ಕೇಳಿದ್ರಾ ಅಣ್ಣಾ?"

"ಹೊಸಾ ವರ್ಷನ್ ತಗಳ್ಳಿ ಅಂದ್ರು. ಹಳೇ ಫೈಲು ಅದರಾಗೆ ಓಪನ್ ಆಗಲ್ಲ ಅಂತ ಆಮೇಲೆ ಹೇಳಿದ್ರು."

ನನಗೆ ನಗು ಬಂತು, ಅವರಿಗೂ ಬಂತು. ಮೇಷ್ಟ್ರು ಈ ಕೆಲಸಕ್ಕೆ ತಮ್ಮ ಪೆನ್ಷನ್ ಹಣ ಕೊಟ್ಟಿದ್ದರು, ಅಂಗಡಿಯವರು ತಂತ್ರಾಂಶಕ್ಕೆ ಹಣ ಕೊಟ್ಟಿದ್ದರು, ಹಾಡಿದ ಹೆಂಗಸರು ರಾತ್ರಿಯೆಲ್ಲ ಕೂತು ಹಾಡಿದ್ದರು. ಇಲ್ಲಿ ಯಾರೂ ಬಿಟ್ಟಿ ಕೇಳಿದವರಲ್ಲ. ಆದರೂ ಈ ಮೂವರಲ್ಲಿ ಒಬ್ಬರ ಕೈಗೂ ಆ ಹಾಡು ದಕ್ಕಲಿಲ್ಲ.

ಮುಕ್ತ ತಂತ್ರಾಂಶದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ 'ಪುಕ್ಕಟೆ ಸಿಗುತ್ತೆ' ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಕನ್ನಡದ ಅನುಭವ ಇದಕ್ಕಿಂತ ಸೂಕ್ಷ್ಮವಾದದ್ದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಹೊರತಂದಾಗ ಅದು ಪುಕ್ಕಟೆಯೇ ಸಿಕ್ಕಿತು. ಅಮೆರಿಕದಲ್ಲಿದ್ದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಕಾಗದ ಬರೆಯುವಂತಾದದ್ದರಲ್ಲಿ ಅದರ ಪಾಲು ದೊಡ್ಡದು, ಆ ಋಣ ಸಣ್ಣದಲ್ಲ. ಆದರೆ ಅದರ ಒಳಗು ಮುಚ್ಚಿಯೇ ಇತ್ತು. ಪುಕ್ಕಟೆ ಕೊಡುವುದು ಕೊಡುವವರ ಔದಾರ್ಯ. ನಾಳೆ ಅವರು ದುಡ್ಡು ಕೇಳಬಹುದು, ನಿಲ್ಲಿಸಬಹುದು, ಬೇಸತ್ತು ಕೈಬಿಡಬಹುದು. ಅದೆಲ್ಲ ಅವರ ಇಷ್ಟ, ತಪ್ಪೆನ್ನಲು ನಾವ್ಯಾರು? ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದ ಕಥೆ ಬೇರೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಅವರು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದರು. 'ಎಫ್' ಒತ್ತಿದರೆ ಹಿಂದಿನ ವ್ಯಂಜನಕ್ಕೆ ಮುಂದಿನದು ಒತ್ತಾಗಿ ಕೂರುತ್ತದೆ. 'ಕನ್ನಡ' ಎಂದು ಬರೆಯಲು ಐದು ಕೀಲಿ ಸಾಕು. ಅದರ ತರ್ಕ ಎಲ್ಲರಿಗೂ ತೆರೆದಿತ್ತು, ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲಿ ಅಳವಡಿಸಿಕೊಳ್ಳಬಹುದಿತ್ತು. ಸರ್ಕಾರವೂ ಸ್ವಲ್ಪ ಬದಲಾವಣೆಯೊಂದಿಗೆ ಅದನ್ನೇ ಒಪ್ಪಿತು. ಈ ಲೇಖನ ಟೈಪಾಗುತ್ತಿರುವುದೂ ಅದರಲ್ಲೇ. ಎರಡೂ ದೊಡ್ಡ ಮನಸ್ಸಿನ ಕೆಲಸಗಳೇ. ಆದರೆ ಒಂದರಲ್ಲಿ ನಾನು ಉಪಕೃತ, ಇನ್ನೊಂದರಲ್ಲಿ ಹಕ್ಕುದಾರ. ಋಣಕ್ಕೂ ಹಕ್ಕಿಗೂ ಇರುವ ಈ ವ್ಯತ್ಯಾಸವನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಅಷ್ಟಾಗಿ ಎತ್ತುವುದಿಲ್ಲ.

ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಕೂಡ ಇದೇ ಗಂಟಿಗೆ ಸಿಕ್ಕಿಕೊಂಡವರು. 1980ರ ಸುಮಾರಿಗೆ ಅವರ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರೊಂದು ಬಂತು. ಅದು ಪದೇ ಪದೇ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ತಂತ್ರಾಂಶವನ್ನು ತಿದ್ದೋಣವೆಂದರೆ ಸೋರ್ಸ್ ಕೋಡ್ ಇಲ್ಲ. ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರೊಬ್ಬರ ಬಳಿ ಅದಿತ್ತು, ಆದರೆ ಅವರು ಕೊಡಲಿಲ್ಲ. ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಬರೆದುಕೊಟ್ಟಿದ್ದರು. ಈ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಆ ಸಂಶೋಧಕ. ಅವರು ಮಾತಿಗೆ ತಪ್ಪಲಿಲ್ಲ, ಅದು ಒಳ್ಳೆಯ ಗುಣವೇ. ಆದರೆ ಇನ್ನೂ ಮುಖ ನೋಡದ ಎಲ್ಲರಿಗೂ 'ನಿಮಗೆ ಸಹಾಯ ಮಾಡುವುದಿಲ್ಲ' ಎಂದು ಮುಂಗಡವಾಗಿ ಭಾಷೆ ಕೊಡುವುದು ಎಂಥ ಮಾತು? ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು, 1989ರಲ್ಲಿ ಜಿ.ಪಿ.ಎಲ್. ಪರವಾನಗಿ ಬಂತು. ಬಳಸುವ, ಒಳಗನ್ನು ನೋಡಿ ತಿದ್ದಿಕೊಳ್ಳುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯಗಳನ್ನು ಅದು ಕಾನೂನಿನ ಭಾಷೆಯಲ್ಲೇ ಕಟ್ಟಿಕೊಟ್ಟಿತು.

ನಮ್ಮ ಸೀಮೆಯವರಿಗೆ ಇದು ಶಾನುಭೋಗಿಕೆಯನ್ನು ನೆನಪಿಸಿದರೆ ಅಚ್ಚರಿಯಿಲ್ಲ. ಊರಿನ ಜಮೀನಿನ ಲೆಕ್ಕ ಒಂದು ಮನೆತನದ ಕೈಯಲ್ಲಿ, ಅವರದೇ ಮೋಡಿ ಬರಹದಲ್ಲಿ. ಅವರಲ್ಲಿ ಒಳ್ಳೆಯವರೂ ಇದ್ದರು, ನಮ್ಮಜ್ಜ ಹೇಳುವಂತೆ ದೇವರಂಥವರೂ ಇದ್ದರು. ಆದರೆ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ರೈತ ಅವರ ಜಗಲಿಯ ಕೆಳಗೆ ನಿಲ್ಲಬೇಕಿತ್ತು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ತೆಗೆದುಹಾಕಿತು. ಮುಂದೆ 'ಭೂಮಿ' ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ದುಡ್ಡು ಕಟ್ಟಿದ ಯಾರಿಗಾದರೂ ಕಿಟಕಿಯಲ್ಲಿ ಸಿಗುವಂತಾದವು. ಶಾನುಭೋಗರು ಕೆಟ್ಟವರಾಗಿದ್ದರಿಂದ ಈ ಬದಲಾವಣೆ ಬೇಕಾಗಲಿಲ್ಲ. ಅವರು ಒಳ್ಳೆಯವರಾಗಿದ್ದಾಗಲೂ ಆ ಏರ್ಪಾಡು ಸರಿಯಿರಲಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿ ತಂದಿತು. ನಾನು ಅರ್ಜಿ ಹಿಡಿದು ಓಡಾಡಿದ ಕಚೇರಿಗಳಲ್ಲಿ ಮಾತ್ರ ಆ ನೀತಿಯ ನೆರಳು ಕಾಣಲಿಲ್ಲ. ಇರಲಿ.

ಮತ್ತೆ ಸೀಡಿಗೆ ಬರುತ್ತೇನೆ. ಚೀಲದಲ್ಲಿದ್ದ ಹನ್ನೊಂದು ಲೇಸರ್ ಪ್ರಿಂಟುಗಳು ಎರಡನೆಯ ಸೀಡಿಯವೇ ಎಂದು ನನಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು. ಹೊಳೆದ ಮೇಲೆ ದಾರಿ ಕಂಡಿತು. ಪ್ರಿಂಟಿನಲ್ಲಿ ಕನ್ನಡ ಇದೆ, ಕಡತದಲ್ಲಿ ಅದೇ ಹಾಡಿನ ಚಿಹ್ನೆಗಳಿವೆ; ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಚಿಹ್ನೆ ಯಾವ ತುಂಡು ಎಂದು ಪಟ್ಟಿ ಮಾಡುತ್ತ ಹೋಗುವುದು. ಶಾಸನ ಓದುವವರ ಕೆಲಸದಂಥದ್ದು, ಶಾಸನ ಮಾತ್ರ ಇಪ್ಪತ್ತು ವರ್ಷ ಹಳೆಯದು.

ಕೆಲಸ ಶುರುಮಾಡುವ ಮೊದಲು ನನ್ನ ಮಾರ್ಗದರ್ಶಕರನ್ನು ಕೇಳಿದೆ. ಅವರು ಸುಮ್ಮನೆ ತಲೆಯಾಡಿಸುವವರಲ್ಲ. "ಲೈಸೆನ್ಸಿನಲ್ಲಿ ಬಿಚ್ಚಿ ನೋಡಬೇಡಿ ಅಂತ ಬರೆದಿರ್ತಾರಮ್ಮ. ಆ ಕಂಪನಿಯವರೂ ಹೊಟ್ಟೆಪಾಡಿಗೆ ದುಡಿದವರೇ. ಒಂದು ಫಾಂಟಿಗೆ ಎಷ್ಟು ತಿಂಗಳ ಶ್ರಮ ಗೊತ್ತಾ? ಊರೆಲ್ಲ ಕದ್ದು ಹಾಕ್ಕೊಂಡಿದ್ದಕ್ಕೇ ಅಲ್ವಾ ಅವರು ಬೀಗ ಜಡಿದಿದ್ದು?" ಅಂದರು.

ಇದಕ್ಕೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ಅವರ ಮಾತು ನಿಜ. ಸಣ್ಣ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಇಂದಿಗೂ ಓಡುತ್ತಿದೆ. 1985ರಲ್ಲಿ ಹುಟ್ಟಿ, 2001ರಲ್ಲಿ ಕೊನೆಯ ಆವೃತ್ತಿ ಕಂಡ ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡವೇ ಗೊತ್ತಿಲ್ಲ. ಅದನ್ನು ದುಡ್ಡು ಕೊಟ್ಟು ಕೊಂಡ ಒಬ್ಬರನ್ನೂ ನಾನು ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಡಿಲ್ಲ. ದಿನಕ್ಕೆ ಹತ್ತು ಲಗ್ನಪತ್ರಿಕೆ ಮಾಡುವ, ಸಾಲ ಉಳಿಸಿಕೊಳ್ಳದ, ತಕ್ಕಡಿಯಲ್ಲಿ ಮೋಸ ಮಾಡದ ಮನುಷ್ಯ ತಂತ್ರಾಂಶದ ವಿಷಯದಲ್ಲಿ ಮಾತ್ರ ದಿನವೂ ಕಳ್ಳನಾಗಿ ಬದುಕುತ್ತಾನೆ, ಅದು ಅವನ ಮನಸ್ಸಿಗೆ ಚುಚ್ಚುವುದೂ ಇಲ್ಲ. ನಮ್ಮಲ್ಲಿ ಬಿತ್ತನೆ ಬೀಜವನ್ನು ಕಡ ಕೊಟ್ಟು ಕಡ ತರುತ್ತೇವೆ. ಪಕ್ಕದವನು ಕೇಳಿದಾಗ ಕೊಡದಿರುವುದು ಇಲ್ಲಿ ನಾಚಿಕೆಯ ಸಂಗತಿ. ಪೆನ್‌ಡ್ರೈವಿನಲ್ಲಿ ತಂತ್ರಾಂಶ ಕೊಡುವವನ ಕೈ ಆ ರೂಢಿಯ ಕೈ. ಮುಚ್ಚಿದ ತಂತ್ರಾಂಶ ಅವನ ಮುಂದೆ ಎರಡೇ ದಾರಿ ಇಡುತ್ತದೆ: ಕಾನೂನಿಗೆ ತಪ್ಪು, ಇಲ್ಲವೇ ನೆರೆಯವನಿಗೆ ತಪ್ಪು. ಮುಕ್ತ ತಂತ್ರಾಂಶದ ದೊಡ್ಡ ಲಾಭವೆಂದು ನನಗೆ ಕಾಣುವುದು ಇಲ್ಲೇ. ಅಲ್ಲಿ ಕೊಟ್ಟವನು ಕಳ್ಳನಾಗುವುದಿಲ್ಲ.

ಹಾಗೆಂದು ಫಾಂಟು ಮಾಡಿದವರ ಶ್ರಮ ನೀರಿಗೆ ಹೋಗಲಿ ಎನ್ನುವುದು ನನ್ನ ವಾದವಲ್ಲ. ಅದಕ್ಕೇ ನನಗೆ ನಾನೇ ಒಂದು ಗೆರೆ ಎಳೆದುಕೊಂಡೆ. ಆ ಕಂಪನಿಯ ಫಾಂಟನ್ನಾಗಲಿ ಪ್ರೋಗ್ರಾಮನ್ನಾಗಲಿ ನಕಲು ಮಾಡುವುದಿಲ್ಲ. ಅಕ್ಷರದ ಆಕಾರ ಅವರದು. ಆದರೆ ಜಗಳೂರಿನ ಹೆಂಗಸು ಹಾಡಿದ್ದು, ಮೇಷ್ಟ್ರು ಬರೆದದ್ದು ಅವರದಲ್ಲ. ಆ ಚಿಹ್ನೆಗಳನ್ನು ಓದಲು ಕಲಿಯುವುದು ಓದು. ಓದನ್ನು ಕಳವು ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಮಾರ್ಗದರ್ಶಕರು ಪೂರ್ತಿ ಒಪ್ಪಲಿಲ್ಲ. "ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹೇಗೆ ಮಾಡಿದೆ ಅಂತ ಮುಚ್ಚಿಡದೆ ಬರಿ" ಎಂದರು. ಬರೆದಿದ್ದೇನೆ.

ಮೂರು ತಿಂಗಳಲ್ಲಿ ಪಟ್ಟಿ ಬಹುಮಟ್ಟಿಗೆ ಮುಗಿಯಿತು. ಪಟ್ಟಿಯನ್ನೂ ಅದರ ಮೇಲೆ ಗೆಳೆಯನೊಬ್ಬ ಬರೆದುಕೊಟ್ಟ ಪರಿವರ್ತಕವನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟೆವು. ಎರಡು ವಾರದೊಳಗೆ ಯಾರೋ ಅಪರಿಚಿತರು ಒಂದು ತಿದ್ದುಪಡಿ ಕಳಿಸಿದರು: ಅರ್ಕಾವತ್ತಿನ ಜೊತೆ ದೀರ್ಘ ಬಂದಾಗ ನಮ್ಮ ಪರಿವರ್ತಕ ತಪ್ಪುತ್ತಿತ್ತು. ಅವರ ಬಳಿಯೂ ಅದೇ ಪ್ಯಾಕೇಜಿನ ಹಳೆಯ ಕಡತಗಳಿದ್ದವಂತೆ, ತಂದೆಯ ನಾಟಕಗಳು.

ಮುಕ್ತವಾದದ್ದೆಲ್ಲ ತಾನಾಗಿಯೇ ಸರಿಯಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಜಗತ್ತಿನ ಅರ್ಧ ಅಂತರಜಾಲವೇ ನೆಚ್ಚಿಕೊಂಡಿತ್ತು. 2012ರಲ್ಲಿ ಅದರೊಳಗೆ ನುಸುಳಿದ 'ಹಾರ್ಟ್‌ಬ್ಲೀಡ್' ಎಂಬ ದೋಷ ಬೆಳಕಿಗೆ ಬಂದದ್ದು 2014ರಲ್ಲಿ. ಕೋಡ್ ಎಲ್ಲರ ಕಣ್ಣಮುಂದೆಯೇ ಇತ್ತು, ನೋಡುವ ಜವಾಬ್ದಾರಿ ಮಾತ್ರ ಯಾರ ಮೇಲೂ ಇರಲಿಲ್ಲ. ಹೂಳು ತೆಗೆಯದ ಊರಕೆರೆಯೂ ಎಲ್ಲರದೇ. ಕನ್ನಡದ ಮುಕ್ತ ತಂತ್ರಾಂಶಗಳನ್ನು ಇಂದು ನಿಲ್ಲಿಸಿರುವವರು ಹಗಲು ಬೇರೆ ಕೆಲಸ ಮಾಡಿ ರಾತ್ರಿ ಇದಕ್ಕೆ ಕೂರುವ ಬೆರಳೆಣಿಕೆಯ ಮಂದಿ. 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಪದ ಹುಡುಕುವಂತೆ ಜಾಲದಲ್ಲಿಟ್ಟ 'ವಚನ ಸಂಚಯ'ವನ್ನು ದಿನವೂ ಬಳಸುವ ನನ್ನಂಥ ವಿದ್ಯಾರ್ಥಿಗಳು ಅದಕ್ಕೆ ಏನು ಮರಳಿಸಿದ್ದೇವೆ ಎಂದು ಕೇಳಿದರೆ ತಲೆ ತಗ್ಗಿಸಬೇಕು. ಚನ್ನಗಿರಿಯ ಅಂಗಡಿಯವರಿಗೆ ಸ್ಕ್ರೈಬಸ್ ಹಾಕಿಕೊಟ್ಟೆ, ಅದರ ಈಚಿನ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಒಂದು ವಾರ ನೋಡಿ ಮತ್ತೆ ಪೇಜ್‌ಮೇಕರಿಗೆ ಹೋದರು. "ಕೈ ಕೂತಿಲ್ಲ ತಂಗಿ, ಲಗ್ನದ ಸೀಜನ್ನು" ಅಂದರು. ಅವರನ್ನು ಬೈಯುವ ಹಕ್ಕು ನನಗಿಲ್ಲ.

ಇನ್ನೊಂದು ತೊಡಕು ನಾನು ಎಣಿಸದೇ ಇದ್ದದ್ದು. ಹಾಡುಗಳು ತೆರೆದುಕೊಂಡ ಉತ್ಸಾಹದಲ್ಲಿ ಎಲ್ಲವನ್ನೂ ಜಾಲಕ್ಕೆ ಹಾಕಿಬಿಡೋಣ ಅಂದುಕೊಂಡಿದ್ದೆ. ಬೀಸುವ ಪದಗಳಲ್ಲಿ ಅತ್ತೆಯ ಕಾಟ, ಗಂಡನ ಹೊಡೆತ, ಹೆಸರು ಹಿಡಿದು ಕೊಟ್ಟ ಶಾಪ ಎಲ್ಲ ಇರುತ್ತವೆ. ಕತ್ತಲಲ್ಲಿ ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿಕೊಂಡದ್ದು ಅದು. ಮೇಷ್ಟ್ರಿಗೆ ಹೇಳಿದ ಹೆಂಗಸರು ಲೋಕಕ್ಕೆಲ್ಲ ಹೇಳಿದ್ದರೇ? ತಂತ್ರಾಂಶ ತೆರೆದಿರಬೇಕು ಎಂಬ ನನ್ನ ವಾದ ಅವರ ಸಂಕಟವೂ ತೆರೆದಿರಬೇಕು ಎಂಬಲ್ಲಿಗೆ ತಾನಾಗಿ ಹೋಗುವುದಿಲ್ಲ. ಏನನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸಬೇಕಾದವರು ಹಾಡಿದವರು, ಅವರಿಲ್ಲದಿದ್ದರೆ ಅವರ ಮನೆಯವರು. ಸತ್ತುಹೋದ ಒಂದು ಬೀಗದ ತುಂಡಲ್ಲ. ಹಾಗಾಗಿ ಪಟ್ಟಿಯನ್ನು ಬಿಟ್ಟೆ, ಹಾಡುಗಳನ್ನು ಬಿಡಲಿಲ್ಲ. ಒಂದೊಂದೇ ಮನೆಗೆ ಹೋಗಿ ಕೇಳುತ್ತಿದ್ದೇನೆ.

ಕಳೆದ ತಿಂಗಳು ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಸೀಡಿಯಲ್ಲಿದ್ದ ಅತಿ ಉದ್ದದ ಹಾಡನ್ನು ಹಾಡಿದಾಕೆ ಈಗಿಲ್ಲ. ಮಗಳಿದ್ದಾರೆ, ಅರವತ್ತು ದಾಟಿದವರು. ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕೈ ಎತ್ತಿದರು.

"ಅಲ್ಲ ಕಣವ್ವ. ನವಣೆ ಅಲ್ಲ, ಸಾವೆ. ನಮ್ಮ ಹೊಲದಾಗೆ ಯಾವತ್ತು ನವಣೆ ಬೆಳೆದಿದ್ರು? ಮೇಷ್ಟ್ರು ತಪ್ಪು ಬರ್ಕಂಡಾರೆ."

"ತಿದ್ಲಾ ಅಜ್ಜೀ?"

"ತಿದ್ದು ಮತ್ತೆ."

ತಿದ್ದಿದೆ. ಪಕ್ಕದಲ್ಲಿ ಅವರು ಹೇಳಿದ್ದೆಂದೂ ಆ ದಿನದ ತಾರೀಖನ್ನೂ ಬರೆದೆ. ಆಮೇಲೆ ಅವರು ಮುಂದಿನ ನಾಲ್ಕು ಸಾಲನ್ನು ತಾವೇ ಹಾಡಿ, ಐದನೆಯ ಸಾಲು ಬರುವ ಮೊದಲು ನಿಲ್ಲಿಸಿ, "ಇದೊಂದು ಊರೋರ ಮುಂದೆ ಹಾಕಬ್ಯಾಡ" ಅಂದರು.